ಅಡುಗೆಯವಳು, ಹೆಸರು ಗೊತ್ತಿಲ್ಲ

ಮ್ಯಾನಿಸ್ಟೀಯಿಂದ ಮಿಲ್ವಾಕಿಗೆ ಹೊರಟ ಹಾಯಿಹಡಗು,
ಎರಡು ಕಂಬದ್ದು, ಹೆಸರು ‘ಅಡೆಲಿನ್ ವಾಸ್’.
ಸರಕು: ಉಪ್ಪು, ಒಂಬೈನೂರ ನಲವತ್ತು ಪೀಪಾಯಿ.
ಸಾವಿರದೆಂಟುನೂರ ಎಂಬತ್ತಾರು, ನವೆಂಬರ್ ಹದಿನೇಳು.
ಬಂದರಿನ ಗುಮಾಸ್ತ ಬರೆದಿಟ್ಟದ್ದು ಇಷ್ಟು.
ಅಕ್ಷರ ದುಂಡಗಿದೆ. ಉಪ್ಪಿನ ಲೆಕ್ಕದಲ್ಲಿ
ಒಂದು ಪೀಪಾಯಿಯೂ ಹೆಚ್ಚುಕಡಿಮೆಯಿಲ್ಲ.

ಮುಳುಗಿದವರು: ಏಳು.
ಕಪ್ತಾನ ಟೊಲೆಫ್ ಹೌಗೆನ್, ಅವನ ಭಾವಮೈದುನ ಸಿವೆರ್ಟ್,
ನಾವಿಕರು ನಾಲ್ವರು; ಒಬ್ಬನ ಹೆಸರು
ಎರಡು ಸಲ ಹೊಡೆದು ಮೂರನೆಯ ಸಲ ಸರಿಯಾಗಿದೆ.
ಆಮೇಲೆ ಕೊನೆಯ ಸಾಲು:
ಅಡುಗೆಯವಳು, ಹೆಸರು ಗೊತ್ತಿಲ್ಲ.

ಮಂಗಳವಾರ, ಶುಕ್ರವಾರ ಈ ಊರಿನ ಮ್ಯೂಸಿಯಮ್ಮಿನಲ್ಲಿ ಕೂರುತ್ತೇನೆ,
ಮೂವತ್ತೊಂದು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದವಳು.
ಆ ಸಾಲಿಗೆ ಬಂದಾಗ
ಬಾಯಿ ತೆರೆದೇ ಇರುತ್ತದೆ.

ಡ್ವೇನ್ ವೋಜ್ನಿ ಪ್ಲಂಬರ್. ವಾರವೆಲ್ಲ ಊರಿನ ಸಿಂಕುಗಳು,
ಭಾನುವಾರ ಮಿಶಿಗನ್ ಸರೋವರ.
ಹನ್ನೊಂದು ಬೇಸಿಗೆ ದೋಣಿಯ ಹಿಂದೆ ಸೋನಾರ್ ಕಟ್ಟಿ
ನೇಗಿಲ ಸಾಲು ಹಿಡಿದ ಹಾಗೆ ನೀರು ಉತ್ತ.
‘ಅಷ್ಟು ದಿನ ನನ್ನ ಓಲೆ ಹುಡುಕಿದ್ದರೆ ಸಿಕ್ಕಿರುತ್ತಿತ್ತು’ ಎಂದಳು ಹೆಂಡತಿ.
ಜೂನಿನ ಒಂದು ಬೆಳಿಗ್ಗೆ, ಪರದೆಯ ಮೇಲೆ,
ಬೆಂಕಿಕಡ್ಡಿಯಷ್ಟು ನೆರಳು.

ಇನ್ನೂರ ಹತ್ತು ಅಡಿ ಆಳ. ಕ್ಯಾಮೆರಾ ಇಳಿಸಿದರು.
ಸಮುದ್ರವಾಗಿದ್ದರೆ ಹುಳ ಮರವನ್ನು ತಿಂದು ಮುಗಿಸುತ್ತಿತ್ತು.
ಇದು ಸಿಹಿನೀರು, ಹಲ್ಲು ಜುಮ್ಮೆನ್ನುವ ತಣ್ಣೀರು,
ಇಟ್ಟದ್ದನ್ನು ಇಟ್ಟ ಹಾಗೇ ಇಟ್ಟುಕೊಳ್ಳುತ್ತದೆ.
ಪೀಪಾಯಿಗಳು ಒಂದರ ಮೇಲೊಂದು, ಹೇರಿದ ಕ್ರಮದಲ್ಲೇ.
ಒಳಗೆ ಏನೂ ಇಲ್ಲ.
ಒಂಬೈನೂರ ನಲವತ್ತು ಪೀಪಾಯಿ ಉಪ್ಪು ಕುಡಿದೂ
ಸರೋವರ ಸಿಹಿಯಾಗಿಯೇ ಇದೆ.

ಹಿಂಬದಿಗೆ ಅಡುಗೆಕೋಣೆ. ಕಬ್ಬಿಣದ ಒಲೆ,
ಓಲಾಟಕ್ಕೆ ಪಾತ್ರೆ ಜಾರದಂತೆ ಸುತ್ತ ಕಂಬಿ,
ಕಂಬಿಯೊಳಗೆ ಕೆಟಲ್, ಇನ್ನೂ ಜಾರದೆ.
ಗೂಡಿನಲ್ಲಿ ಆರು ತಟ್ಟೆ, ಒಂದರೊಳಗೊಂದು.
ಏಳನೆಯದು ಬೇರೆ, ಒಲೆಯ ಮಗ್ಗುಲಲ್ಲಿ, ಬೋರಲು.
ಡ್ವೇನ್ ಕ್ಯಾಮೆರಾ ಮುಂದಕ್ಕೆ ಸರಿಸಿದ.
ನಿಲ್ಲಿಸು, ಎಂದೆ.
ಕೊನೆಗೆ, ನಿಂತುಕೊಂಡೇ ಉಣ್ಣುವವಳ ತಟ್ಟೆ
ನಮ್ಮಮ್ಮನ ಮನೆಯಲ್ಲೂ ಅಲ್ಲೇ ಇರುತ್ತಿತ್ತು.

ಅಡೆಲಿನ್ ವಾಸ್ ಯಾರೆಂದು ಗೊತ್ತು. ಹಡಗಿನ ಮಾಲೀಕನ ಮಡದಿ.
ನೀರೆಂದರೆ ಹೆದರುತ್ತಿದ್ದಳಂತೆ, ಒಮ್ಮೆಯೂ ಹತ್ತಿದವಳಲ್ಲ.
ಆ ಹೆಸರನ್ನೂ ಈಗ ಚಿಪ್ಪು ಮುಚ್ಚುತ್ತಿದೆ,
ಯಾವುದೋ ದೇಶದಿಂದ ಹಡಗಿನ ಹೊಟ್ಟೆಯ ನೀರಲ್ಲಿ ಬಂದ
ಉಗುರಿನಷ್ಟು ಕ್ವಾಗಾ ಚಿಪ್ಪು, ಕೋಟಿಗಟ್ಟಲೆ.
ನೀರನ್ನು ಸೋಸಿ ತಿಳಿಯಾಗಿಸಿದ್ದು ಅವೇ,
ಹಾಗಾಗಿ ನಮಗೆ ಕಂಡದ್ದು.
ಅಂಟಿ ಅಂಟಿ, ಭಾರವಾಗಿ, ಮರವನ್ನು ಕೆಡವುವುದೂ ಅವೇ.
‘ಇನ್ನು ಹತ್ತು ವರ್ಷ’ ಎನ್ನುತ್ತಾನೆ ಡ್ವೇನ್,
ಹಳೆಯ ಪೈಪಿನ ಆಯುಸ್ಸು ಹೇಳುವ ದನಿಯಲ್ಲಿ.

ಪತ್ರಿಕೆಯಲ್ಲಿ ಸುದ್ದಿ ಬಂತು. ನಾಲ್ಕು ಕಾಗದ ಬಂದವು.
ನಮ್ಮ ಮುತ್ತಜ್ಜಿಯ ತಂಗಿ, ಆ ವರ್ಷ ಹಡಗಿಗೆ ಅಡುಗೆಗೆ ಹೋದವಳು,
ಮರಳಿ ಬರಲಿಲ್ಲ, ಅವಳೇ ಇರಬೇಕು.
ನಾಲ್ಕೂ ಕಾಗದದಲ್ಲಿ ಹೆಚ್ಚುಕಡಿಮೆ ಇದೇ ಮಾತು.
ಹೆಸರು ಮಾತ್ರ ಬೇರೆ.
ಒಂದರ ಜೊತೆ ಫೋಟೋ: ಬೆಂಚಿನ ಮೇಲೆ ಹುಡುಗಿ,
ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಬಚ್ಚಿಟ್ಟಿದ್ದಾಳೆ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ, ಎನ್ನುತ್ತಾರೆ.
ಅವಳ ಉಪ್ಪುಂಡ ಆರು ಜನಕ್ಕೆ
ಮುಪ್ಪು ಬರಲಿಲ್ಲ.
ಬಂದದ್ದು ನನಗೆ.

ಪುಸ್ತಕದಲ್ಲಿ ತಿದ್ದುವ ಹಾಗಿಲ್ಲ, ಅದು ನಿಯಮ.
ಶುಕ್ರವಾರ ಐದಕ್ಕೆ, ಹೀಟರ್ ಆರಿಸಿ, ಬೀಗ ಹಾಕುವ ಮೊದಲು
ನಾಲ್ಕನ್ನೂ ಕೂಗುತ್ತೇನೆ:
ಓಟೀಲಿಯೆ. ಹನೋರಾ. ಗುನ್‌ಹಿಲ್ಡ್. ಅಪೊಲೋನಿಯಾ.
ಒಂದೊಂದು ಹೆಸರಾದ ಮೇಲೂ
ತುಸು ತಡೆಯುತ್ತೇನೆ.
ಅಭ್ಯಾಸ.