ಏಳು ಚಿತ್ರ

ರಾತ್ರಿ ಎರಡೂವರಿಗೆ, ಗೋಕುಲ ರೋಡಿನ ಮೂರನೇ ಮಾಳಿಗ್ಯಾಗ
ಯಾರೂ ಇಲ್ಲದಾಗ ಎರಡು ಫೋನು ಮಾತಾಡ್ತಾವ.
ಒಂದಕ್ಕ ನೀಲವ್ವ, ಇನ್ನೊಂದಕ್ಕ ದಾವಲ್ ಅಂತ ಹೆಸರಿಟ್ಟೀನಿ;
ಇಬ್ಬರಿಗೂ ಮೈಯಿಲ್ಲ, ಬರೇ ನಾ ಬರೆದ ಸಾಲು.

ನೀನ ಹೌದೇನು? ಅಂತಾಳ ನೀಲವ್ವ.
ಎರಡೂ ಕಡೆ ಏಳು ಚಿತ್ರ ಮೂಡ್ತಾವ:
ಹುಂಜ, ಛತ್ರಿ, ಆಮಿ, ಗಂಟಿ, ಗೋವಿನಜೋಳ, ಸುತ್ತಿಗಿ,
ಸಮುದ್ರ ಕಾಣದ ಹುಬ್ಬಳ್ಳ್ಯಾಗೊಂದು ಲಂಗರು.
ಹೂಂ, ಹೊಂದತಾವ ಅಂತಾನ ದಾವಲ್.
ಮುಂಜಾನೆ ನಾ ಬಂದು ನೋಡಿದರ ಹಸಿರು.

ಹನ್ನೊಂದು ತಿಂಗಳು ಹಸಿರು.
ಅದಕ್ಕ ಸಾಹೇಬರು ಒಮ್ಮೆ ಗಿರ್ಮಿಟ್ಟು, ಮಿರ್ಚಿ ತರಿಸಿದ್ದೂ ಖರೆ.

ನಿನ್ನೆ ಚಹಾ ಆರೂತನಕ ಆ ಸಾಲು ಓದಿದೆ.
ದಾವಲ್ ಚಿತ್ರ ನೋಡೇ ಇಲ್ಲ.
'ಹೊಂದತಾವ' ಅನ್ನೋ ಗುಂಡಿ ಎಲ್ಲೈತಿ, ಅಷ್ಟು ಹುಡುಕಿ
ಒತ್ತತಾನ. ನಾನ ಹಂಗ ಕಲಿಸಿದ್ದು.
ನಡುವ ಕಳ್ಳ ಕುಂತು ಹುಂಜದ ಬದಲಿ ಮೀನು ತೋರಿಸಿದ್ರೂ
ಅಂವ ಹೂಂ ಅಂತಿದ್ದ,
ಊಟ ಆತೇನಂದ್ರ ನಾ ಹೂಂ ಅಂದಂಗ, ತಲಿ ಎತ್ತದ.

ನಮ್ಮ ಕಾಕಾ ಯಮನೂರಪ್ಪ ಜಂಕ್ಷನ್ನಿನಾಗ
ಗಾಲಿ ಬಡದು ನೋಡಾಂವ ಇದ್ದ.
ನಾ ಹತ್ತು ವರ್ಷದಾಕಿ, ಸುತ್ತಿಗಿ ಕಸಗೊಂಡು
ಇಡೀ ಗಾಡಿ ಠಣ್ ಠಣ್ ಬಡದು ಬಂದೆ.
"ಎಲ್ಲಾ ಬರೋಬ್ಬರಿ ಅದಾವ ಕಾಕಾ!"
ಅಂವ ಒಂದೂ ಮಾತಾಡದ ಹಿಂದ ಹೋಗಿ
ಮೊದಲನೇ ಗಾಲಿಗೆ ಕಿವಿ ಕೊಟ್ಟ.

ಇವತ್ತೊಂದು ಸುಳ್ಳು ಬರದೀನಿ:
ನೀಲವ್ವಗ ಛತ್ರಿ, ದಾವಲ್‌ಗ ಅಣಬಿ.
ಎಲ್ಲಾರೂ ಮನಿಗೆ ಹೋದರು.
ನಾ ಕುಂತೀನಿ, ಬುತ್ತಿ ಬಿಚ್ಚಿಲ್ಲ,
ಕೆಂಪು ಬರಲೆಪಾ ಅಂತ.