ಉದ್ರಿ ವಹಿ

ಆ ಡಬ್ಬಿ ಮ್ಯಾಲೆ ಕುಂದರಬ್ಯಾಡ್ರಿ ಸಾಹೇಬ್ರ, ಒಳಗ ಬೆಲ್ಲ ಐತಿ.
ಈ ಕುರ್ಚಿ ತಗೋರ್ರಿ, ಒಂದು ಕಾಲು ಗಿಡ್ಡ,
ಕೆಳಗ ಅರ್ಧ ಇಟ್ಟಂಗಿ ಇಟ್ಟೇನಿ, ಅಳಗ್ಯಾಡತೈತಿ, ಬೀಳೂದಿಲ್ಲ.
ಮೊದಲ ಹೆಸರು ತಿದ್ರಿ: ಶಂಕರಮ್ಮ ಅಲ್ಲ, ಶಂಕ್ರವ್ವ.

ವರ್ಷದ ವಹಿವಾಟು ಎಷ್ಟಂತ ಕೇಳತೈತಿ ನಿಮ್ಮ ಕಾಗದ.
ನಾ ವರ್ಷ ಎಣಿಸಾಕಿ ಅಲ್ರಿ.
ನಳ ಬಂದ ದಿನದಿಂದ ಮತ್ತ ನಳ ಬರೂ ದಿನದ ಮಟ,
ಅದು ನನ್ನ ಲೆಕ್ಕ.
ನೀರು ಬಂದ ದಿನ ಸಾಬೂನು, ಸೋಡಾ, ನೀಲಿ
ಮುಂಜಾನಿ ಹತ್ತರೊಳಗ ಖಾಲಿ.
ಆರನೇ ದಿನಕ್ಕ ಸಾಬೂನು ಕೇಳವರಿಲ್ಲ,
ಕೆಲಸಕ್ಕ ಹೋಗೂ ಹುಡುಗರು ಐದು ರೂಪಾಯಿ ಅತ್ತರ ಕೇಳತಾರ.

ಗುಮ್ಮಟದಾಗ ಒಂದು ಸರೆ ಕೂಗಿದ್ರ ಏಳು ಸರೆ ಕೇಳತೈತಂತ.
ಈ ಸುಣ್ಣದ ಬಾವಡಿ ಓಣಿಯವರು
ಪಾಲಿಕಿಗೆ ಏಳು ಸರೆ ಹೋಗಿ ಕೂಗೇವಿ,
ಒಂದು ಸರೆ ಸುದ್ದಾ ಯಾರಿಗೂ ಕೇಳಿಲ್ಲ.
ಕ್ವಾಟಿ ಗ್ವಾಡಿ ಭಾಳ ದಪ್ಪ ಅಂತಾನ
ಪಂಚರ್ ಅಂಗಡಿ ದಸ್ತಗೀರ.

ಹನ್ನೊಂದು ಅಂಗಡಿ ಇದ್ವು. ಏಳರ ಶಟರಿಗೆ ಜಂಗ್ ಹತ್ತಿತು.
ಮಂದಿ ಸ್ಟೇಷನ್ ಕಡೆ ದೊಡ್ಡ ಅಂಗಡಿಗೆ ಹೋಗತಾರ,
ಸಕ್ಕರಿ ಆರು ರೂಪಾಯಿ ಸೋವಿ ಅಂತ
ಆಟೋಕ್ಕ ಎಂಬತ್ತು ಕೊಟ್ಟು.
ಬೈಯೂದಿಲ್ರಿ ನಾ. ಅಲ್ಲಿ ಥಂಡ ಗಾಳಿ ಬರತೈತಿ,
ನಾನೂ ಒಂದಿನ ಹೋಗಿ ಅರ್ಧ ತಾಸು ನಿಂತು ಬಂದೇನಿ.

ಆ ಕಾಗದ ಇಲ್ರಿ ನನ್ನ ಕಡೆ. ಇದು ಐತಿ, ಉದ್ರಿ ವಹಿ.
ಎಣ್ಣಿ ಹತ್ತೈತಿ, ಹಗೂರಕ ತಿರುವ್ರಿ.
ಕೆಂಪು ಗೀಟು ಹೊಡದದ್ದು ಬಂದ ರೊಕ್ಕ,
ಹೊಡೀದಿದ್ದು ಬರೂ ರೊಕ್ಕ.
ಹೆಸರಿಲ್ಲದವರೂ ಅದಾರ: ಎತ್ತರದಾಕಿ,
ಬೀಡಿ ಮಾಶಾಬಿ ಸೊಸಿ, ಎರಡು ಹೆಣ್ಣಿನ ಪೇಂಟರ್.

ಮುಳುಗಿದ್ದು ಎಷ್ಟಂತೀರಿ?
ನಡುವ ಒಂದು ಹಾಳಿ ಹರದೈತಲ್ಲ,
ಅದು ತುಕಾರಾಮ ಗವಂಡಿದು.
ಇಚಲಕರಂಜಿಗೆ ಹೋದಾಂವ ತಿರುಗಿ ಬರಲಿಲ್ಲ.
ಇನ್ನೆಲ್ಲಿ ಬರತೈತಿ ಅಂತ
ಹಾಳಿ ಹರದು ಯಾರಿಗೋ ಜೀರಗಿ ಕಟ್ಟಿ ಕೊಟ್ಟೆ.
ಎರಡು ವರ್ಷದ ಮ್ಯಾಲೆ ಅವನ ಮಗಳು ಬಂದು
ಮುನ್ನೂರ ನಲವತ್ತು ಇಟ್ಟಳು ಈ ಹಲಗಿ ಮ್ಯಾಲೆ.
ನನಗ ಮರತಿತ್ತು.
ಆಕಿಗೆ ಬಾಯಿಪಾಠ ಇತ್ತು.

ಇಲ್ಲಿ ನೋಡ್ರಿ, ಈ ಹಾಳಿಮಟ
ಸಂಜಿ ಏಳರ ಮುಂದ ಒಂದು ಅಕ್ಷರ ಇಲ್ಲ.
ಕಂಬ ಇತ್ತು, ಬಲ್ಬ್ ಇರಲಿಲ್ಲ, ಮೂರು ವರ್ಷ.
ಕತ್ತಲಾತಂದ್ರ ಹೆಣ್ಮಕ್ಕಳು ಹೊಸ್ತಿಲ ದಾಟತಿರಲಿಲ್ಲ.
ನಾವು ಆರು ಮಂದಿ ಭಿಶಿ ಹಾಕತೇವ್ರಿ, ಸೋಮವಾರಕ್ಕ ನೂರು.
ದಸ್ತಗೀರ ಗಾಳಿ ಹೊಡಿಯೂ ಪಂಪ್ ತಂದ,
ಕಾಶವ್ವ ಅಂಗಡಿಗೆ ಬಳಿ ತುಂಬಿಸಿದಳು.
ನನ್ನ ಪಾಳಿ ಬಂದಾಗ ನಾ ಬಲ್ಬ್ ಅಂದೆ.
"ಹುಚ್ಚಿ, ಅಂಗಡ್ಯಾಗ ಮಾಲಿಲ್ಲ, ಓಣಿಗೆ ಬೆಳಕ?" ಅಂದ್ರು.
ಹಾಳಿ ತಿರುವ್ರಿ ಈಗ.
ಎಂಟು. ಎಂಟೂವರಿ.
ಒಂಬತ್ತಕ್ಕ ಯಾರೋ ಬಂದು ಪಾವಕಿಲೋ ಶೇಂಗಾ.

ಕೇಳೂದು ಈ ಬಾಜೂ ಶಟರಿಗೆ. ಹಿಟ್ಟಿನ ಗಿರಣಿ ಇತ್ತದು.
ಕಲ್ಲು ಚಲೋ ಅದಾವ. ಬೆಲ್ಟ್ ಹರದೈತಿ, ಮೋಟರ್ ಸುಟ್ಟೈತಿ.
ನಿಮ್ಮ ಕಾಗದದಾಗ ಇದಕ್ಕ ಜಾಗಾ ಇಲ್ಲ, ಆದ್ರೂ ಬರಕೋರ್ರಿ:
ಜ್ವಾಳ ಬೀಸೂಮಟ ಮಂದಿ ನಿಂದರತಾರ.
ನಿಂತವರು ಬಳಿ ನೋಡತಾರ,
ಸೈಕಲ್ಲಿಗೆ ಗಾಳಿ ಹೊಡಸತಾರ,
ಬೆಲ್ಲದ ರೇಟ್ ಕೇಳತಾರ.
ಗಿರಣಿ ನಂದಾದ್ರೂ ಗಿರಾಕಿ ಓಣಿದು.

ಹೊಂಟ್ರ್ಯಾ? ಚಾಪುಡಿ ಬೇಕ? ತಗೋರ್ರಿ, ನಲವತ್ತು.
ಫೋನ್ ಹತ್ತೂದಿಲ್ರಿ ಇಲ್ಲಿ, ಗ್ವಾಡಿ ಅಡ್ಡ ಬರತೈತಿ.
ಐದುನೂರಕ್ಕ ಚಿಲ್ರೆ ನನ್ನ ಕಡೆ ಎಲ್ಲಿಂದ?
ಇರಲಿ ಬಿಡ್ರಿ.
ನಿಮ್ಮ ಪೆನ್ನ ಕೊಡ್ರಿಲ್ಲೆ, ನನ್ನದು ಹಿಡೀವಲ್ದು.
"ಬ್ಯಾಂಕಿನವರು. ಚಾಪುಡಿ. ನಲವತ್ತು."
ಸಹಿ ಬ್ಯಾಡ್ರಿ,
ಮಾರಿ ನೋಡೇನಲ್ಲ.