ಹಮಾಲರ ಕಡೆಯ ಪರದೆ

ಮೊದಲ ತಪ್ಪು ನನ್ನದೇ.
ಬಾಯಿಗೆ ಬಾಯಿ ಜೋಡಿಸಿದ್ದೆ, ಕಿವಿಗೆ ಕಿವಿ.
ಕಲಬುರಗಿ ಗಂಜಿನ ಬೇಳೆ ಮಿಲ್ಲಿನಲ್ಲಿ
ತೂಕದ ಯಂತ್ರದ ಹೊಟ್ಟೆ ಬಿಚ್ಚಿ ಕೂತು ಮೂರು ತಾಸು;
ಅಂಗೈಯಗಲದ ಪರದೆ ಕಣ್ಣು ಬಿಟ್ಟುಕೊಂಡು ಸುಮ್ಮನಿತ್ತು.
ಯಾಕೂಬ್ ಚಾಚಾ ಚಷ್ಮಾ ಹಣೆಗೇರಿಸಿ ಬಗ್ಗಿ ನೋಡಿ
'ಇಬ್ಬರೂ ಒಮ್ಮಿಗೇ ಮಾತಾಡಿದ್ರ ಕೇಳೋರು ಯಾರವ್ವಾ?' ಅಂದರು.
ನಲವತ್ತು ವರ್ಷ ತಕ್ಕಡಿಯ ಮುಳ್ಳಿಗೆ ಅರ ಹಿಡಿದ ಕೈ,
ಈ ತಂತಿಗಳ ಹೆಸರು ಅವರಿಗೆ ಗೊತ್ತಿಲ್ಲ.

ಅದಲುಬದಲು ಮಾಡಿದೆ.
ಬಂತು ಕಸ: ಮುರಿದ ಚೌಕ, ಸೊಟ್ಟ ಗೆರೆ, ಜ್ವರದ ಬಡಬಡಿಕೆ.
ಇದರ ನೆಲ ಬೇರೆ, ಅದರ ನೆಲ ಬೇರೆ, ಮರೆತಿದ್ದೆ.
ಕರಿ ತಂತಿಯೊಂದರಿಂದ ಎರಡೂ ನೆಲ ಕಟ್ಟಿದ ಮೇಲೆ
ಕಳಿಸಿದೆ ಒಂದೇ ಅಕ್ಷರ, ಇಂಗ್ಲಿಷಿನ ಯು,
ಅರ್ಥಕ್ಕಲ್ಲ, ನಡಿಗೆಗೆ:
ಸೊನ್ನೆ ಒಂದು ಸೊನ್ನೆ ಒಂದು ಸೊನ್ನೆ ಒಂದು,
ಚೀಲ ಹೊತ್ತವರು ಲಾರಿಯ ಹಲಗೆ ಹತ್ತುವ ಹಾಗೆ.
ಅದು ನನ್ನ ವೇಗ ಎಣಿಸಿಕೊಂಡು
ತಿರುಗಿ ಹೇಳಿತು: ಆರು.

ಆರು ಅಂದರೆ ಹೂಂ.
ಒಂದು-ಐದು ಅಂದರೆ ಒಲ್ಲೆ.
ಬೇರೆ ಮಾತು ಅದಕ್ಕಿಲ್ಲ.

ಒರೆಸು ಅಂದೆ. ಒರೆಸಿತು, ಆರು.
ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳಿ. ಆರು.
ಹಳದಿ ಹಾಕು, ತೊಗರಿಯದು. ಆರು.
'ತೂಕ' ಎಂದು ಬರಿ.
ಒಂದು-ಐದು.

ಎಂಟು ಸಾಲಿನ ಮನೆಯಲ್ಲಿ ಹುಟ್ಟಿದ್ದು ಅದರ ಅಕ್ಷರಗಳು;
ನಮ್ಮ ಒತ್ತುಗಳಿಗೆ ಕೆಳಗೆ ನೆಲಮಾಳಿಗೆ ಬೇಕು.
'ಕ್ವಿಂಟಲ್' ಬರೆಯ ಹೋದರೆ ವ ಒತ್ತು ಜಾರಿ
ಅಂಚಿನಾಚೆ ಎಲ್ಲೋ ಬಿದ್ದುಹೋಯಿತು.
ಸರಿ, ಹದಿನಾರು ಸಾಲು, ಹದಿನಾರು ಕಂಬ,
ಚಿತ್ರವೆಂದೇ ಕಳಿಸೋಣ, ಚುಕ್ಕಿ ಚುಕ್ಕಿಯಾಗಿ.
ಹಾಳೆಗೆ ಚೌಕುಳಿ ಹಾಕಿ ಬೇಳೆ ಕಾಳು ಇಡುತ್ತಿದ್ದೆ;
ಹಸನು ಮಾಡುವ ಮಲ್ಕಮ್ಮ ಮೊರ ಕೆಳಗಿಟ್ಟು ಬಂದು
ಎರಡು ಕಾಳು ಎತ್ತಿ ಬಾಯಿಗೆ ಹಾಕಿಕೊಂಡಳು.
'ಕ ಇಷ್ಟ್ ದಪ್ಪ ಇರಂಗಿಲ್ಲ. ರಾತ್ರಿ ಸಾಲ್ಯಾಗ ಕಲ್ತೀನಿ.'
ಅವಳದೇ ಸರಿ ಇತ್ತು.
ಹಾಗೇ ಕೂತು ಅಂಕಿಗಳನ್ನೂ ಮಾಡಿದೆವು,
೧ ಸುಲಭ, ೬ ಕ್ಕೆ ಸಾಕುಸಾಕಾಯಿತು.

ಎಲ್ಲ ಮುಗಿಯಿತು ಅನ್ನುವಾಗ ಸಾಯಬಣ್ಣ,
ಬೆನ್ನ ಮೇಲೆ ಚೀಲ, ಹಲ್ಲಲ್ಲಿ ಕೊಕ್ಕೆ ಕಚ್ಚಿಕೊಂಡೇ ಕೇಳಿದ:
'ಅಕ್ಕೋರೆ, ಇದು ನಮ್ಮ ಕಡಿಗಿ ಬೆನ್ನು ತೋರಸ್ತದಲ್ಲ?
ನಾವ್ ಇದರ ಮಾರಿ ನೋಡಬಾರದೇನು?'

ಅಂಗಡಿಯ ಡ್ರಾನಲ್ಲಿ ಮೂಲೆ ಸೀಳಿದ ಪರದೆಯೊಂದಿತ್ತು.
ಒಂದು ಬಾಯಿಗೆ ಎರಡು ಕಿವಿ ಕಟ್ಟಬಹುದು,
ಅದೇ ಅಪ್ಪಣೆ ಎರಡೂ ಕಡೆ, ಅದೇ ಗಳಿಗೆಗೆ.
'ಒಂದು ತೂಕಕ್ಕ ಎರಡು ಮಾರಿ ಯಾಕ್ರಿ?' ಸೂಗಪ್ಪ ಸಾಹುಕಾರರು.
'ಸಿಗ್ನಲ್ ಚೊಲೋ ಬರ್ತದ್ರಿ' ಅಂದೆ. ಸುಳ್ಳು.
ಚಾಚಾ ಕೆಮ್ಮಿದರು.

ಆದರೆ ಯಂತ್ರಕ್ಕಿದ್ದುದು ಒಂದೇ ಕಿವಿ,
ಅದು ಮುನೀಮನ ಕಡೆಯ ಪರದೆಗೆ ಹೋಯಿತು.
ಹಮಾಲರ ಕಡೆಯದು ಕೇಳುತ್ತದೆ, ಕೇಳಿದ್ದು ಬರೆಯುತ್ತದೆ;
ಅದರ ಹೂಂ, ಅದರ ಒಲ್ಲೆ
ಎಲ್ಲಿಗೂ ಮುಟ್ಟದ ಹಸಿರು ತಂತಿಯ ತುದಿಯಲ್ಲಿ ನಿಲ್ಲುತ್ತವೆ.
ಆ ತುದಿಗೆ ಟೇಪು ಸುತ್ತಿ ಮಡಚಿ ಇಟ್ಟೆ.
ಕತ್ತರಿಸಲು ಮನಸ್ಸಾಗಲಿಲ್ಲ.

ಸೋಮವಾರ, ಮಲ್ಕಮ್ಮ ಹಸನು ಮಾಡಿದ ಮೊದಲ ಚೀಲ.
'ಐವತ್ತು' ಎಂದು ಕೂಗಿ ಬರೆಯತೊಡಗಿದ ಮುನೀಮ.
ಈ ಕಡೆ ಸೀಳಿದ ಗಾಜಿನ ಮೇಲೆ ೫೦.೬.
'ಆರು' ಅಂದಳು ಮಲ್ಕಮ್ಮ, ದನಿ ಏರಿಸದೆ,
'ಐವತ್ತರ ಮ್ಯಾಲ ಆರು ಅದ.'
ಪೆನ್ನು ತಡೆಯಿತು. ಪಟ್ಟಾ ತಿರುಗುತ್ತಲೇ ಇತ್ತು,
ಹೊಟ್ಟಿನ ಧೂಳು ಬಿಸಿಲಲ್ಲಿ ಏಳುತ್ತಿತ್ತು.
ಕೊನೆಯ ಸ್ಕ್ರೂ ಬಿಗಿಯುತ್ತ ನಾನು ಕಾದೆ,
ಆ ಕಡೆಯಿಂದ ಆರು ಬರುತ್ತದೋ
ಒಂದು-ಐದೋ.